ಹೀಮೋಲೈಸಿಸ್ (ಕೆಂಪು ರಕ್ತಕಣಗಳ ಒಡೆಯುವಿಕೆ) ಆದ ರಕ್ತದ ಮಾದರಿಯ ಪೊಟ್ಯಾಸಿಯಂ ಅಂಕಿಯನ್ನು ತಿದ್ದಬಹುದೇ?

ಪ್ರಶ್ನೆ: ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಬೇರ್ಪಡುವ ದ್ರವ) ಕೆಂಪಾಗಿದ್ದ ಮಾದರಿಯೊಂದರಲ್ಲಿ ಪೊಟ್ಯಾಸಿಯಂ 6.4 mmol/L, ಅಂದರೆ ಹೆಚ್ಚಾಗಿ, ಬಂದಿದೆ. ಹೀಮೋಲೈಸಿಸ್ ಸೂಚ್ಯಂಕದ (ಕಣಗಳು ಎಷ್ಟು ಒಡೆದಿವೆ ಎಂದು ಯಂತ್ರ ಕೊಡುವ ಅಂಕಿ) ಆಧಾರದಲ್ಲಿ ಅದನ್ನು ತಗ್ಗಿಸಿ ವರದಿ ಮಾಡಬಹುದೇ?

ಉತ್ತರ 1: ತಗ್ಗಿಸಬಾರದು. ಕೆಂಪು ರಕ್ತಕಣಗಳೊಳಗಿನ ಪೊಟ್ಯಾಸಿಯಂ ಸೀರಂನಲ್ಲಿರುವುದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚಿರುತ್ತದೆ. ಆದರೆ ಕಣಗಳಿಂದ ಎಷ್ಟು ಸೋರಿತು ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ, ತಿದ್ದಿದ ಅಂಕಿ ನಿಜವಾದ ಏರಿಕೆಯನ್ನೇ ಮರೆಮಾಚಬಹುದು. ಹೊಸ ಮಾದರಿ ಕೇಳಿ. ಅದೂ ಕೆಂಪಾಗಿದ್ದರೆ ರೋಗಿಯ ದೇಹದೊಳಗೇ ಕಣಗಳು ಒಡೆಯುತ್ತಿರಬಹುದೆಂದು ವೈದ್ಯರಿಗೆ ಕೂಡಲೇ ತಿಳಿಸಿ.

ಉತ್ತರ 2: ಒಪ್ಪುತ್ತೇನೆ. ಕ್ಯಾಲ್ಸಿಯಂ ಅನ್ನೂ ನೋಡಿ. ಅದು ವಿಪರೀತ ಕುಸಿದಿದ್ದರೆ ಪೊಟ್ಯಾಸಿಯಂ ಇಡಿಟಿಎ (ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಲವಣ) ಇರುವ ಕೊಳವೆಯ ರಕ್ತ ಬೆರೆತಿರುವ ಸಾಧ್ಯತೆಯಿದೆ.

ಪ್ರಶ್ನೆ ಕೇಳಿದವರು: ಕೊಬ್ಬಿನಿಂದ ಹಾಲಿನಂತಾದ ಸೀರಂನಲ್ಲಿ ಸೋಡಿಯಂ ಕಡಿಮೆ ಬಂದರೆ?

ಉತ್ತರ 1: ಕೊಬ್ಬಿನಿಂದಾಗಿ ಅದು ಸುಳ್ಳು ಇಳಿಕೆ ಇರಬಹುದು. ಮಾದರಿಯನ್ನು ದ್ರವ ಬೆರೆಸಿ ತೆಳುಗೊಳಿಸದೆ ಅಳೆಯುವ ನೇರ ಎಲೆಕ್ಟ್ರೋಡ್ ವಿಧಾನದಲ್ಲಿ ಮತ್ತೊಮ್ಮೆ ಪರೀಕ್ಷಿಸಿ.