ಎಕ್ಸ್‌ಟರ್ನ್‌ಶಿಪ್: ನ್ಯಾಯಾಧೀಶರ ಚೇಂಬರೋ, ಪಬ್ಲಿಕ್ ಡಿಫೆಂಡರ್ ಕಚೇರಿಯೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಕಾನೂನು ಶಾಲೆಯೊಂದರಲ್ಲಿ ಮೂರು ವರ್ಷಗಳ ಜೆ.ಡಿ. ಪದವಿಯ ಎರಡನೆಯ ವರ್ಷದ ವಿದ್ಯಾರ್ಥಿನಿ. ಎಫ್-1 ವಿದ್ಯಾರ್ಥಿ ವೀಸಾದ ಮೇಲೆ ಓದುತ್ತಿದ್ದೇನೆ. ಮುಂದಿನ ಸೆಮಿಸ್ಟರಿನಲ್ಲಿ ನಾಲ್ಕು ಕ್ರೆಡಿಟ್‌ಗಳ ಎಕ್ಸ್‌ಟರ್ನ್‌ಶಿಪ್ (ಕ್ರೆಡಿಟ್‌ಗಾಗಿ ಹೊರಗಿನ ಕಚೇರಿಯಲ್ಲಿ ಮಾಡುವ ಕೆಲಸ) ಮಾಡಬೇಕೆಂದು ಅರ್ಜಿ ಹಾಕಿದ್ದೆ. ಫೆಡರಲ್ ಜಿಲ್ಲಾ ನ್ಯಾಯಾಧೀಶರೊಬ್ಬರ ಚೇಂಬರಿನಿಂದಲೂ ಕೌಂಟಿಯ ಪಬ್ಲಿಕ್ ಡಿಫೆಂಡರ್ ಕಚೇರಿಯಿಂದಲೂ (ಬಡ ಆರೋಪಿಗಳ ಪರವಾಗಿ ವಾದಿಸುವ ಸರ್ಕಾರಿ ವಕೀಲರ ಕಚೇರಿ) ಒಪ್ಪಿಗೆ ಬಂದಿದೆ. ಯಾವುದನ್ನು ಒಪ್ಪಿಕೊಳ್ಳಬೇಕೆಂದು ತಿಳಿಸಲು ಒಂದು ವಾರವಷ್ಟೇ ಉಳಿದಿದೆ.

ಹಿರಿಯ ವಿದ್ಯಾರ್ಥಿಗಳೆಲ್ಲ ಚೇಂಬರನ್ನು ಬಿಡಲೇಬಾರದು, ರೆಸ್ಯೂಮೆಯಲ್ಲಿ ಆ ಒಂದು ಸಾಲಿಗಿರುವ ತೂಕವೇ ಬೇರೆ ಎನ್ನುತ್ತಾರೆ. ಆದರೆ ನಾನು ಈವರೆಗೆ ಒಬ್ಬ ಕಕ್ಷಿದಾರರನ್ನೂ ಎದುರಿಗೆ ಕೂರಿಸಿಕೊಂಡು ಮಾತನಾಡಿಲ್ಲ. ಮೊದಲ ವರ್ಷದ ಬೇಸಿಗೆಯಲ್ಲಿ ಒಂದು ಕಚೇರಿಯಲ್ಲಿ ಹತ್ತು ವಾರ ಕಳೆದೆ. ಅಲ್ಲಿ ಕಡತಗಳನ್ನು ದಿನಾಂಕದ ಪ್ರಕಾರ ಜೋಡಿಸಿದ್ದೇ ಹೆಚ್ಚು. ಬರೆಯಲು ಸಿಕ್ಕಿದ್ದು ಒಂದೇ ಮೆಮೊ (ಕಾನೂನು ಟಿಪ್ಪಣಿ). ಅದನ್ನೂ ಯಾರಾದರೂ ಓದಿದರೇ ಎಂಬುದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಮತ್ತೊಮ್ಮೆ ಹಾಗಾದರೆ ಪದವಿ ಮುಗಿಯುವಾಗಲೂ ನನಗೆ ವಕೀಲಿಕೆಯ ಕೆಲಸ ಗೊತ್ತಿರುವುದಿಲ್ಲ ಎಂಬ ಭಯ ನಿಜವಾಗಿಯೂ ಇದೆ.

ಎರಡರಲ್ಲಿ ಕೆಲಸ ಕಲಿಯಲು ಯಾವುದು ಮೇಲು? ಸೇರುವ ಮುನ್ನ ಏನನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು? ಸಂಬಳವಿಲ್ಲದ ಕೆಲಸವಾದ್ದರಿಂದ ವೀಸಾದ ತೊಡಕು ಇರುವುದಿಲ್ಲವೆಂದು ಸಹಪಾಠಿಯೊಬ್ಬರು ಹೇಳಿದರು, ಅದು ಸರಿಯೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಮೊದಲ ಉತ್ತರ — ಸಿವಿಲ್ ವ್ಯಾಜ್ಯಗಳ ವಕೀಲ

ನಮಸ್ಕಾರ. ವಿದ್ಯಾರ್ಥಿಯಾಗಿದ್ದಾಗ ನಾನು ಫೆಡರಲ್ ಜಿಲ್ಲಾ ನ್ಯಾಯಾಲಯದ ಚೇಂಬರೊಂದರಲ್ಲಿ ಎಕ್ಸ್‌ಟರ್ನ್ ಆಗಿದ್ದೆ. ರೆಸ್ಯೂಮೆಯ ಸಾಲಿನ ಮಾತನ್ನು ಬದಿಗಿಟ್ಟು, ಅಲ್ಲಿ ಏನು ಕೆಲಸ ಸಿಗುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ.

ಚೇಂಬರಿನಲ್ಲಿ ದಿನದ ಬಹುಭಾಗ ಓದು ಮತ್ತು ಬರವಣಿಗೆ. ದಾವೆಯನ್ನು ಆರಂಭದಲ್ಲೇ ವಜಾಗೊಳಿಸಬೇಕೆಂದು ಸಿವಿಲ್ ಪ್ರಕ್ರಿಯಾ ನಿಯಮ 12(ಬಿ)(6)ರ ಅಡಿ ಸಲ್ಲಿಸಿದ ಅರ್ಜಿ, ವಿಚಾರಣೆಯಿಲ್ಲದೆ ತೀರ್ಪು ಕೋರಿ ನಿಯಮ 56ರ ಅಡಿ ಸಲ್ಲಿಸಿದ ಅರ್ಜಿ, ಇಂಥವು ನಿಮ್ಮ ಕೈಗೆ ಬರುತ್ತವೆ. ಎರಡೂ ಕಡೆಯ ವಕೀಲರ ಲಿಖಿತ ವಾದಗಳಾದ ಬ್ರೀಫ್‌ಗಳನ್ನು ಓದಿ, ಅವರು ಆಧಾರವಾಗಿ ಕೊಟ್ಟ ಪ್ರತಿ ತೀರ್ಪನ್ನೂ ತೆರೆದು ನೋಡಿ, ಹೇಗೆ ತೀರ್ಮಾನಿಸಬಹುದೆಂದು ನ್ಯಾಯಾಧೀಶರಿಗೆ ಅಥವಾ ತೀರ್ಪು ಬರೆಯಲು ನೆರವಾಗುವ ಅವರ ಕಾನೂನು ಕ್ಲರ್ಕ್‌ಗೆ ಮೆಮೊ ಬರೆಯಬೇಕು. ತರಗತಿಯಲ್ಲಿ ನಾವು ಓದುವುದು ಮೇಲ್ಮನವಿ ನ್ಯಾಯಾಲಯಗಳು ಸೋಸಿ ಕೊಟ್ಟ ಸಂಗತಿಗಳನ್ನು. ಇಲ್ಲಿ ಸಂಗತಿಗಳೇ ವಿವಾದದಲ್ಲಿರುತ್ತವೆ, ಕಡತ ಅಸ್ತವ್ಯಸ್ತವಾಗಿರುತ್ತದೆ, ಎಷ್ಟೋ ಬಾರಿ ವಕೀಲರು ಹೇಳಿದ ಮಾತನ್ನು ಅವರೇ ತೋರಿಸಿದ ತೀರ್ಪು ಹೇಳಿರುವುದಿಲ್ಲ. ಮೂರನೆಯ ವಾರದಲ್ಲಿ ನಾನು ಇಂಥದ್ದೊಂದನ್ನು ಕಂಡುಹಿಡಿದು ಕ್ಲರ್ಕ್‌ಗೆ ತೋರಿಸಿದೆ. ಅವರು ನನ್ನ ಮೆಮೊದ ಅರ್ಧವನ್ನು ಹೊಡೆದುಹಾಕಿ, ಆ ಒಂದು ಅಂಶವನ್ನು ಮಾತ್ರ ಮೇಲಕ್ಕೆ ತಂದು, ಇದನ್ನೇ ಮೊದಲು ಹೇಳಬೇಕಿತ್ತು ಎಂದರು. ಇಂದಿಗೂ ಬ್ರೀಫ್ ಬರೆಯಲು ಕುಳಿತಾಗ ಆ ಕೆಂಪು ಗೆರೆಗಳು ನೆನಪಾಗುತ್ತವೆ.

ಅಲ್ಲಿ ಸಿಗದೇ ಇರುವುದು ಕಕ್ಷಿದಾರರ ಮುಖ. ಯಾರ ಪರವಾಗಿಯೂ ನೀವು ನಿಲ್ಲುವುದಿಲ್ಲ. ಕಕ್ಷಿದಾರರೊಡನೆ ಮಾತನಾಡಿಯೇ ಇಲ್ಲವೆಂಬುದು ನಿಮ್ಮ ಮುಖ್ಯ ಕೊರಗಾಗಿದ್ದರೆ ಚೇಂಬರ್ ಅದನ್ನು ತುಂಬಲಾರದು ಎಂದು ನೇರವಾಗಿ ಹೇಳಬೇಕಾಗುತ್ತದೆ. ಜೊತೆಗೆ, ಫೆಡರಲ್ ನ್ಯಾಯಾಂಗದ ಸಿಬ್ಬಂದಿಗಿರುವ ನಡತೆಯ ಸಂಹಿತೆ ಎಕ್ಸ್‌ಟರ್ನ್‌ಗಳಿಗೂ ಅನ್ವಯಿಸುತ್ತದೆ. ಚೇಂಬರಿನೊಳಗೆ ಕೇಳಿದ್ದು ಮನೆಯವರಿಗೂ ಹೇಳುವಂಥದ್ದಲ್ಲ, ನೀವು ಶಾಲೆಗೆ ಬರೆದುಕೊಡುವ ಜರ್ನಲ್‌ನಲ್ಲಿಯೂ ಬರುವಂತಿಲ್ಲ.

ಎರಡನೆಯ ಉತ್ತರ — ಪಬ್ಲಿಕ್ ಡಿಫೆಂಡರ್ ಕಚೇರಿಯಲ್ಲಿ ಕೆಲಸ ಮಾಡಿದ ವಕೀಲೆ

ಮೇಲಿನ ಉತ್ತರವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಮತ್ತು ಅದೇ ಕಾರಣಕ್ಕೆ ನಿಮಗೆ ಪಬ್ಲಿಕ್ ಡಿಫೆಂಡರ್ ಕಚೇರಿಯನ್ನು ಶಿಫಾರಸು ಮಾಡುತ್ತೇನೆ. ನನ್ನ ಎಕ್ಸ್‌ಟರ್ನ್‌ಶಿಪ್ ಅಂಥದೇ ಕಚೇರಿಯಲ್ಲಿ ಆಯಿತು. ಪದವಿಯ ನಂತರವೂ ಆರು ವರ್ಷ ಅದೇ ಕೆಲಸ ಮಾಡಿದೆ.

ಹೆಚ್ಚಿನ ರಾಜ್ಯಗಳಲ್ಲಿ ವಿದ್ಯಾರ್ಥಿಗಳು ವಕೀಲರ ಮೇಲ್ವಿಚಾರಣೆಯಲ್ಲಿ ನ್ಯಾಯಾಲಯದ ಮುಂದೆ ನಿಲ್ಲಲು ಅವಕಾಶ ಕೊಡುವ ನಿಯಮಗಳಿವೆ. ಉದಾಹರಣೆಗೆ ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷದ ಓದು ಮುಗಿಸಿ, ಸಾಕ್ಷ್ಯ ಕಾನೂನು ಮತ್ತು ಸಿವಿಲ್ ಪ್ರಕ್ರಿಯೆಯ ತರಗತಿಗಳನ್ನು ತೆಗೆದುಕೊಂಡವರು ಅಥವಾ ಆಗ ತೆಗೆದುಕೊಳ್ಳುತ್ತಿರುವವರು ಪ್ರಮಾಣೀಕೃತ ಕಾನೂನು ವಿದ್ಯಾರ್ಥಿಯಾಗಿ ನೋಂದಾಯಿಸಿಕೊಳ್ಳಬಹುದು. ಷರತ್ತುಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ; ಆದ್ದರಿಂದ ನಿಮ್ಮ ರಾಜ್ಯದ ನಿಯಮವನ್ನು ಈಗಲೇ ಓದಿ, ಅರ್ಜಿಯನ್ನು ಸೆಮಿಸ್ಟರಿನ ಮೊದಲೇ ಕಳುಹಿಸಿ. ಈ ಪ್ರಮಾಣಪತ್ರ ತಡವಾಗಿ ಬಂದದ್ದರಿಂದ ಅರ್ಧ ಸೆಮಿಸ್ಟರ್ ಹಿಂದಿನ ಬೆಂಚಿನಲ್ಲಿ ಕುಳಿತು ಕಳೆದವರನ್ನು ನಾನು ನೋಡಿದ್ದೇನೆ.

ಕಾನೂನು ವಿದ್ಯಾರ್ಥಿಗಳು ಈ ಕೆಲಸಕ್ಕೆ ಬೇಕೆಂಬುದು ಹೊಸ ಮಾತಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನ 1963ರ ಗಿಡಿಯನ್ ತೀರ್ಪು ಗಂಭೀರ ಅಪರಾಧಗಳಲ್ಲಿ ಬಡ ಆರೋಪಿಗಳಿಗೆ ಸರ್ಕಾರವೇ ವಕೀಲರನ್ನು ಒದಗಿಸಬೇಕೆಂದು ಹೇಳಿತು. 1972ರ ಆರ್ಜರ್‌ಸಿಂಗರ್ ತೀರ್ಪು ಜೈಲು ಶಿಕ್ಷೆ ವಿಧಿಸುವ ಸಣ್ಣ ಅಪರಾಧಗಳಿಗೂ ಆ ಹಕ್ಕನ್ನು ವಿಸ್ತರಿಸಿತು. ಅಷ್ಟೊಂದು ವಕೀಲರು ಎಲ್ಲಿಂದ ಬರಬೇಕೆಂಬ ಪ್ರಶ್ನೆ ಎದುರಾದಾಗ, ತೀರ್ಪಿಗೆ ಸಹಮತ ಸೂಚಿಸಿ ಪ್ರತ್ಯೇಕವಾಗಿ ಬರೆದ ನ್ಯಾಯಮೂರ್ತಿ ಬ್ರೆನ್ನನ್ ಅವರು, ಬಡವರಿಗೆ ವಕೀಲರನ್ನು ಒದಗಿಸುವಲ್ಲಿ ಕಾನೂನು ವಿದ್ಯಾರ್ಥಿಗಳು ಗಣನೀಯ ಪಾಲು ಕೊಡಬಲ್ಲರು ಎಂಬ ನಿರೀಕ್ಷೆಯನ್ನು ದಾಖಲಿಸಿದರು. ನೀವು ಮಾಡಲಿರುವ ಕೆಲಸಕ್ಕೆ ಈ ಹಿನ್ನೆಲೆ ಇದೆ.

ಇನ್ನು ಕಲಿಕೆಯ ವಿಷಯ. ನಾನು ಮೊದಲ ಬಾರಿಗೆ ಜೈಲಿಗೆ ಹೋಗಿ ಒಬ್ಬ ಆರೋಪಿಯನ್ನು ಭೇಟಿ ಮಾಡಿದಾಗ, ನಲವತ್ತು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದೆ. ಒಂದರ ನಂತರ ಒಂದನ್ನು ಕೇಳಿದೆ. ಅವರು ಹೌದು, ಇಲ್ಲ ಎಂದಷ್ಟೇ ಉತ್ತರಿಸಿದರು. ಜೊತೆಗಿದ್ದ ವಕೀಲರು ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಿದರು: ನೀವು ಇಲ್ಲಿರುವಾಗ ಹೊರಗೆ ಯಾವುದು ಕೆಡುತ್ತಿದೆ? ಆಗ ಆ ಮನುಷ್ಯ ಇಪ್ಪತ್ತು ನಿಮಿಷ ಮಾತನಾಡಿದರು. ಕೆಲಸ ಹೋಗುವ ಭಯ, ಮಗಳನ್ನು ಶಾಲೆಗೆ ಬಿಡುವವರಿಲ್ಲದ ಸಂಕಟ, ಅಂದು ರಾತ್ರಿ ಜೊತೆಯಲ್ಲಿದ್ದ ಸ್ನೇಹಿತನ ಹೆಸರು ಎಲ್ಲವೂ ಆ ಮಾತಿನಲ್ಲೇ ಬಂತು. ಬಿಡುಗಡೆ ಕೋರುವ ಅರ್ಜಿಗೆ ಬೇಕಾದ ಸಂಗತಿಗಳೂ ಮುಂದೆ ಸಾಕ್ಷಿಯಾಗಬಲ್ಲವರ ಸುಳಿವೂ ನಮಗೆ ಸಿಕ್ಕಿದ್ದು ಅಲ್ಲಿಯೇ. ವಾಪಸು ಬರುವಾಗ ಆ ವಕೀಲರು ನನ್ನ ತಪ್ಪನ್ನು ಮುಚ್ಚಿಡದೆ ವಿವರಿಸಿದರು. ಮುಂದಿನ ವಾರ ನಾನು ಪ್ರಶ್ನೆಗಳ ಹಾಳೆಯನ್ನು ಚೀಲದೊಳಗೇ ಇಟ್ಟುಕೊಂಡೆ.

ಆದರೆ ಇಂಥ ಕಚೇರಿಗಳಲ್ಲಿ ಕೆಲಸದ ಹೊರೆ ವಿಪರೀತ. ಮೇಲ್ವಿಚಾರಕರಿಗೆ ನಿಮ್ಮೊಡನೆ ಕೂರಲು ಸಮಯವಿಲ್ಲದಿದ್ದರೆ ನೀವು ಪುನಃ ಕಡತ ಜೋಡಿಸುವವರಾಗುತ್ತೀರಿ, ಇಲ್ಲವೇ ಸಿದ್ಧತೆಯಿಲ್ಲದೆ ಮುಂದಕ್ಕೆ ತಳ್ಳಲ್ಪಡುತ್ತೀರಿ. ಎರಡನೆಯದು ಹೆಚ್ಚು ಅಪಾಯಕರ, ಏಕೆಂದರೆ ಅಲ್ಲಿ ತಪ್ಪಿನ ಬೆಲೆ ತೆರುವವರು ಬೇರೆಯವರು. ನಿಮ್ಮನ್ನು ಯಾವ ವಕೀಲರಿಗೆ ಒಪ್ಪಿಸಲಾಗುತ್ತದೆ ಎಂದು ಹೆಸರು ಹಿಡಿದು ಕೇಳಿ, ಸಾಧ್ಯವಾದರೆ ಅವರೊಡನೆ ಹದಿನೈದು ನಿಮಿಷ ಮಾತನಾಡಿ. ಹಿಂದಿನ ಎಕ್ಸ್‌ಟರ್ನ್ ಬರೆದ ಅರ್ಜಿಯೊಂದನ್ನು ಅವರು ತಿದ್ದಿದ್ದು ಹೇಗೆಂದು ವಿಚಾರಿಸಿ. ತಿದ್ದಿದವರು ಕೂಡಲೇ ಒಂದು ಉದಾಹರಣೆ ಕೊಡುತ್ತಾರೆ.

ಮೂರನೆಯ ಉತ್ತರ — ಎಕ್ಸ್‌ಟರ್ನ್‌ಶಿಪ್ ತರಗತಿಯ ಬೋಧಕರು

ಇಬ್ಬರೂ ಒಳ್ಳೆಯ ಸಲಹೆ ಕೊಟ್ಟಿದ್ದಾರೆ. ನಾನು ನಿಯಮಗಳ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ, ಏಕೆಂದರೆ ಓದದ ಮೆಮೊದಂಥ ಅನುಭವ ಮರುಕಳಿಸದಂತೆ ತಡೆಯಲು ನಿಮ್ಮ ಕೈಯಲ್ಲಿರುವ ಸಾಧನ ಅವೇ.

ಕಾನೂನು ಶಾಲೆಗಳಿಗೆ ಮಾನ್ಯತೆ ನೀಡುವ ವಕೀಲರ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ಮಾನದಂಡ 303ರ ಪ್ರಕಾರ ಪ್ರತಿ ಜೆ.ಡಿ. ವಿದ್ಯಾರ್ಥಿಯೂ ಅನುಭವಾಧಾರಿತ ಕಲಿಕೆಯ ಕನಿಷ್ಠ 6 ಕ್ರೆಡಿಟ್‌ಗಳನ್ನು ಪಡೆಯಬೇಕು. ಅಣಕು ಅಭ್ಯಾಸದ ತರಗತಿ, ಶಾಲೆಯದೇ ಕಾನೂನು ಕ್ಲಿನಿಕ್, ಹೊರಗಿನ ಕಚೇರಿಯ ಕೆಲಸ ಈ ಮೂರರಲ್ಲಿ ಯಾವುದರಿಂದಲಾದರೂ ಅವನ್ನು ಗಳಿಸಬಹುದು. ಎಕ್ಸ್‌ಟರ್ನ್‌ಶಿಪ್ ಮೂರನೆಯ ಬಗೆಗೆ ಸೇರುತ್ತದೆ. ಇದಕ್ಕೆ ಮಾನದಂಡ 304 ಸ್ಪಷ್ಟವಾದ ಷರತ್ತುಗಳನ್ನು ಹಾಕಿದೆ. ವಿದ್ಯಾರ್ಥಿ, ಬೋಧಕರು ಮತ್ತು ಆ ಕಚೇರಿಯ ಜವಾಬ್ದಾರಿಯುತ ವ್ಯಕ್ತಿ ಮೂವರ ನಡುವೆ ಲಿಖಿತ ಒಡಂಬಡಿಕೆ ಇರಬೇಕು. ಅದರಲ್ಲಿ ನಿಜವಾದ ವಕೀಲಿ ಕೆಲಸ, ಆ ಕೆಲಸದ ಮೇಲೆ ಅಭಿಪ್ರಾಯ ಮತ್ತು ಸ್ವಂತ ಮೌಲ್ಯಮಾಪನಕ್ಕೆ ಅವಕಾಶ ಹೇಗೆ ದೊರೆಯುತ್ತದೆ ಎಂದು ವಿವರಿಸಬೇಕು. ಬಹಳ ವಿದ್ಯಾರ್ಥಿಗಳು ಈ ಕಾಗದಕ್ಕೆ ಓದದೆಯೇ ಸಹಿ ಹಾಕುತ್ತಾರೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. "ಕಾನೂನು ಸಂಶೋಧನೆ ಮತ್ತು ಇತರ ಕೆಲಸಗಳು" ಎಂದು ಬರೆದಿದ್ದರೆ, ಅದರ ಬದಲು ಇಂತಿಷ್ಟು ಮೆಮೊ ಅಥವಾ ಅರ್ಜಿಗಳ ಕರಡು, ಸಲ್ಲಿಸಿದ ಒಂದು ವಾರದೊಳಗೆ ಅದರ ಬಗ್ಗೆ ಚರ್ಚೆ, ವಾರಕ್ಕೊಮ್ಮೆ ಮೇಲ್ವಿಚಾರಕರ ಭೇಟಿ ಎಂದು ಬರೆಸಿ. ನಿಮ್ಮ ಬೋಧಕರು ನಿಮ್ಮ ಪರವಾಗಿಯೇ ನಿಲ್ಲುತ್ತಾರೆ.

ಸಮಯದ ಲೆಕ್ಕವನ್ನೂ ನೋಡಿಕೊಳ್ಳಿ. ಒಂದು ಕ್ರೆಡಿಟ್ ಎಂದರೆ ಕನಿಷ್ಠ 42.5 ಗಂಟೆಗಳ ಕೆಲಸ. ನಾಲ್ಕಕ್ಕೆ 170 ಗಂಟೆ. ಹದಿಮೂರು ವಾರಗಳಿಗೆ ಹಂಚಿದರೆ ವಾರಕ್ಕೆ ಸುಮಾರು ಹದಿಮೂರು ಗಂಟೆ ಬರುತ್ತದೆ. ಅದನ್ನು ಎರಡು ಇಡೀ ದಿನಗಳಾಗಿ ಇಟ್ಟುಕೊಂಡರೆ ನ್ಯಾಯಾಲಯದ ಕಲಾಪವನ್ನು ಮೊದಲಿನಿಂದ ಕೊನೆಯವರೆಗೆ ನೋಡಬಹುದು. ದಿನಕ್ಕೆ ಎರಡೆರಡು ಗಂಟೆ ಎಂದು ಚೂರು ಮಾಡಿದರೆ ಯಾವುದೂ ಪೂರ್ತಿಯಾಗಿ ಕಣ್ಣಿಗೆ ಬೀಳುವುದಿಲ್ಲ.

ವೀಸಾದ ವಿಷಯದಲ್ಲಿ ನಿಮ್ಮ ಸಹಪಾಠಿಯ ಮಾತನ್ನು ನಂಬಿ ಮುಂದುವರಿಯಬೇಡಿ. ಕ್ರೆಡಿಟ್‌ಗಾಗಿ ಹೊರಗಿನ ಕಚೇರಿಯಲ್ಲಿ ಮಾಡುವ ಕೆಲಸಕ್ಕೆ, ಸಂಬಳವಿಲ್ಲದಿದ್ದರೂ, ಸಿ.ಪಿ.ಟಿ. (ಓದಿನ ಭಾಗವಾಗಿ ಕೆಲಸ ಮಾಡಲು ಎಫ್-1 ವಿದ್ಯಾರ್ಥಿಗಳಿಗೆ ಕೊಡುವ) ಅನುಮತಿ ಬೇಕೇ ಎಂಬುದನ್ನು ನಿಮ್ಮ ಶಾಲೆಯ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಅಧಿಕಾರಿಯೇ ಹೇಳಬೇಕು. ಬೇಕೆಂದಾದರೆ ಅದು ಶಾಲೆ ಕೊಡುವ ನಿಮ್ಮ ಐ-20 ಅರ್ಹತಾ ಪತ್ರದಲ್ಲಿ ಕೆಲಸ ಶುರುವಾಗುವ ಮುನ್ನವೇ ನಮೂದಾಗಿರಬೇಕು. ಸಾಮಾನ್ಯವಾಗಿ ಒಂದು ಪೂರ್ಣ ಶೈಕ್ಷಣಿಕ ವರ್ಷ ಮುಗಿಸಿದವರಿಗೆ ಇದು ಸಿಗುತ್ತದೆ, ಆದ್ದರಿಂದ ನೀವು ಅರ್ಹರಾಗಿರುವ ಸಾಧ್ಯತೆ ಹೆಚ್ಚು. ವಾರಕ್ಕೆ 20 ಗಂಟೆಯವರೆಗಿನದು ಅರೆಕಾಲಿಕ, ಪೂರ್ಣಾವಧಿಯ ಸಿ.ಪಿ.ಟಿ. ಹನ್ನೆರಡು ತಿಂಗಳು ಮುಟ್ಟಿದರೆ ಮಾತ್ರ ಪದವಿಯ ನಂತರದ ಒ.ಪಿ.ಟಿ. ಎಂಬ ಕೆಲಸದ ಅನುಮತಿ ಕೈತಪ್ಪುತ್ತದೆ. ಹದಿಮೂರು ಗಂಟೆಯ ಕೆಲಸದಿಂದ ಆ ತೊಂದರೆಯಿಲ್ಲ. ಮುಂದೆ ಎಂದಾದರೂ ಫೆಡರಲ್ ಅಭಿಯೋಜನೆಯ ಯು.ಎಸ್. ಅಟಾರ್ನಿ ಕಚೇರಿಗಳತ್ತ ಮನಸ್ಸು ಹರಿದರೆ, ಅಲ್ಲಿ ಪೌರತ್ವ ಕೇಳುತ್ತಾರೆ ಎಂಬುದು ತಿಳಿದಿರಲಿ.

ನಿಮ್ಮ ಆಯ್ಕೆಯ ಬಗ್ಗೆ ನನ್ನ ಅಭಿಪ್ರಾಯ: ಈ ಸೆಮಿಸ್ಟರಿಗೆ ಪಬ್ಲಿಕ್ ಡಿಫೆಂಡರ್ ಕಚೇರಿ, ಮೂರನೆಯ ವರ್ಷಕ್ಕೆ ಚೇಂಬರ್. ಒಬ್ಬ ಮನುಷ್ಯನ ಪರವಾಗಿ ಅರ್ಜಿ ಬರೆದು ನೋಡಿದವರು ಚೇಂಬರಿನಲ್ಲಿ ಇತರರ ಅರ್ಜಿಗಳನ್ನು ಓದುವ ರೀತಿಯೇ ಬೇರೆಯಾಗಿರುತ್ತದೆ ಎಂಬುದನ್ನು ನನ್ನ ವಿದ್ಯಾರ್ಥಿಗಳ ಜರ್ನಲ್‌ಗಳಲ್ಲಿ ವರ್ಷ ವರ್ಷವೂ ಕಾಣುತ್ತೇನೆ. ನ್ಯಾಯಾಧೀಶರ ಚೇಂಬರಿಗೆ ವಿನಯದಿಂದ ಒಂದು ಪತ್ರ ಬರೆದು, ಮುಂದಿನ ವರ್ಷ ಪುನಃ ಅರ್ಜಿ ಹಾಕಬಹುದೇ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ತಡಮಾಡದೆ ಬರೆಯಿರಿ, ಆ ಸ್ಥಾನಕ್ಕೆ ಕಾಯುತ್ತಿರುವ ಇನ್ನೊಬ್ಬರು ಇರುತ್ತಾರೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಪಬ್ಲಿಕ್ ಡಿಫೆಂಡರ್ ಕಚೇರಿಯ ಮೇಲ್ವಿಚಾರಕರೊಡನೆ ಇಂದು ಮಾತನಾಡಿದೆ. ಎರಡನೆಯ ಉತ್ತರ ಬರೆದ ಮೇಡಂ ಸೂಚಿಸಿದ ಪ್ರಶ್ನೆಯನ್ನೇ ಕೇಳಿದೆ. ಅವರು ಹಿಂದಿನ ವರ್ಷದ ಎಕ್ಸ್‌ಟರ್ನ್ ಬರೆದ, ಸಾಕ್ಷ್ಯವನ್ನು ಹೊರಗಿಡಲು ಕೋರಿದ ಅರ್ಜಿಯೊಂದನ್ನು ಮೂರು ಬಾರಿ ತಿರುಗಿ ಬರೆಸಿದ ಕಥೆಯನ್ನು ತಾವಾಗಿಯೇ ಹೇಳಿದರು. ನನಗೆ ಅಷ್ಟು ಸಾಕಾಯಿತು. ಇನ್ನೊಂದು ಸಂದೇಹ ಉಳಿದಿದೆ: ನಾನು ಮುಂದೆ ಬೇರೆ ಸಂಸ್ಥೆಗೆ ಸೇರಿದಾಗ, ಇಲ್ಲಿ ನೋಡಿದ ಪ್ರಕರಣದ ಎದುರು ಪಕ್ಷವನ್ನು ಆ ಸಂಸ್ಥೆ ಪ್ರತಿನಿಧಿಸುತ್ತಿದ್ದರೆ ತೊಂದರೆಯಾಗುತ್ತದೆಯೇ?

ಬೋಧಕರ ಉತ್ತರ

ಆ ಪ್ರಕರಣದಲ್ಲಿ ನೀವು ಕೆಲಸ ಮಾಡುವಂತಿಲ್ಲ, ತಿಳಿದದ್ದನ್ನು ಹೇಳುವಂತೆಯೂ ಇಲ್ಲ. ಆದರೆ ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ಮಾದರಿ ನಡತೆ ನಿಯಮ 1.10ರ ವಿವರಣೆಯ ಪ್ರಕಾರ, ವಿದ್ಯಾರ್ಥಿಯಾಗಿದ್ದಾಗ ಮಾಡಿದ ಕೆಲಸದಿಂದ ಉಂಟಾದ ನಿರ್ಬಂಧ ಇಡೀ ಸಂಸ್ಥೆಗೆ ಅಂಟುವುದಿಲ್ಲ. ನಿಮ್ಮನ್ನು ಆ ಪ್ರಕರಣದಿಂದ ಪೂರ್ತಿಯಾಗಿ ದೂರವಿಡಬೇಕಾಗುತ್ತದೆ. ರಾಜ್ಯಗಳು ಈ ಮಾದರಿಯನ್ನು ತಮ್ಮದೇ ತಿದ್ದುಪಡಿಗಳೊಡನೆ ಅಳವಡಿಸಿಕೊಂಡಿರುವುದರಿಂದ ನಿಮ್ಮ ರಾಜ್ಯದ ಪಠ್ಯವನ್ನೇ ನೋಡಿ. ಮೊದಲ ದಿನದಿಂದಲೇ ನೀವು ಕೆಲಸ ಮಾಡಿದ ಪ್ರಕರಣಗಳ ಮತ್ತು ಪಕ್ಷಗಳ ಹೆಸರನ್ನು ಪಟ್ಟಿ ಮಾಡುತ್ತಾ ಹೋಗಿ, ಆದರೆ ಆ ಪಟ್ಟಿಯನ್ನು ಹೇಗೆ ಇಟ್ಟುಕೊಳ್ಳಬಹುದೆಂದು ಕಚೇರಿಯವರ ಒಪ್ಪಿಗೆ ಪಡೆಯಿರಿ. ಎರಡು ವರ್ಷಗಳ ನಂತರ ಉದ್ಯೋಗದಾತರು ಈ ಮಾಹಿತಿ ಕೇಳಿದಾಗ ನೆನಪಿನಿಂದ ಬರೆಯುವುದು ಕಷ್ಟ.