ಪುಟ್ಟ ಸೈನಿಕರ ಭುಜದ ಮೇಲೆ ಕಪ್ಪು-ಬಿಳಿ ಚೆಕ್ಸ್: ನೀವು ಹೇಗೆ ಬಿಡಿಸುತ್ತೀರಿ?

ಕೇಳಿದವರು, ದಾವಣಗೆರೆ:
ವಾರ್‌ಹ್ಯಾಮರ್ ಅಂತ ಮೇಜಿನ ಮೇಲೆ ಪುಟ್ಟ ಗೊಂಬೆಗಳನ್ನಿಟ್ಟು ಆಡುವ ಯುದ್ಧದಾಟ, ಅದರ ಆರ್ಕ್ (ರಾಕ್ಷಸರಂಥ ಜಾತಿ) ಸೈನಿಕರಿಗೆ ಬಣ್ಣ ಹಚ್ಚುತ್ತಿದ್ದೇನೆ. ಗಾಫ್ ಪಂಗಡದವರು, ಕಪ್ಪು-ಬಿಳಿ ಚೆಕ್ಸೇ ಅವರ ಗುರುತು, ಹಾಗಾಗಿ ಭುಜದ ಕವಚಕ್ಕೆ ಅದು ಬೇಕೇ ಬೇಕು. ಒಂದು ಸಾಲು ಸರಿ ಬಂದರೆ ಮುಂದಿನದು ಸೊಟ್ಟ. ಈ ಬಿಸಿಲಿಗೆ ಬಣ್ಣ ಬ್ರಷ್ ತುದಿಯಲ್ಲೇ ಒಣಗುತ್ತದೆ. ಮಾಡಿದವರು ಸ್ವಲ್ಪ ಹೇಳಿ.

ವಿದ್ಯಾನಗರ, ದಾವಣಗೆರೆ:
ಚೌಕ ತುಂಬುವುದು ಸುಲಭ ಸಾರ್, ಕಷ್ಟ ಇರುವುದು ಗೆರೆಯಲ್ಲಿ. ಮೊದಲು ಇಡೀ ಜಾಗಕ್ಕೆ ಬಿಳಿ ಹಚ್ಚಿ. ಅಪ್ಪಟ ಬಿಳಿ ಬೇಡ, ಒಂಚೂರು ಬೂದು ಬೆರೆಸಿ. ಒಣಗಿದ ಮೇಲೆ ಅಂಚಿನಿಂದ ಶುರು ಮಾಡಬೇಡಿ. ಸರಿಯಾಗಿ ನಡುವೆ ಒಂದು ಗೆರೆ, ಆಮೇಲೆ ಎರಡೂ ಅರ್ಧಗಳ ನಡುವೆ ಒಂದೊಂದು. ಅಡ್ಡಕ್ಕೂ ಹಾಗೇ. ಎಡದಿಂದ ಒಂದೊಂದೇ ಚೌಕ ಜೋಡಿಸುತ್ತ ಹೋದರೆ ಕೊನೆಯದಕ್ಕೆ ಜಾಗವೇ ಉಳಿಯುವುದಿಲ್ಲ.

ಕವಚ ಉಬ್ಬಿರುತ್ತದೆ ಅಲ್ವಾ, ಗೆರೆಯೂ ಅದರ ಜೊತೆ ಬಾಗಬೇಕು. ಸ್ಕೇಲ್ ಇಟ್ಟ ಹಾಗೆ ನೆಟ್ಟಗೆ ಎಳೆದರೆ ಅದೇ ಸೊಟ್ಟಗೆ ಕಾಣುತ್ತದೆ. ಆಮೇಲೆ ಕಪ್ಪಾಗಬೇಕಾದ ಮನೆಗಳಲ್ಲೆಲ್ಲ ಒಂದೊಂದು ಚುಕ್ಕಿ ಇಡಿ, ತುಂಬುವಾಗ ಗಲಿಬಿಲಿ ಆಗುವುದಿಲ್ಲ. ಮೂಲೆಗಳು ಮಾತ್ರ ಸರಿಯಾಗಿ ಕೂಡಬೇಕು. ಬದಿ ಹೆಚ್ಚುಕಮ್ಮಿ ಆದರೆ ಬಿಳಿಯಿಂದ ತಿದ್ದಿದರಾಯಿತು. ತಿದ್ದುವುದೇ ಅರ್ಧ ಕೆಲಸ ಅಂದುಕೊಂಡು ಕೂತರೆ ಬೇಜಾರಾಗುವುದಿಲ್ಲ.

ಚಿತ್ರದುರ್ಗ:
ಬಣ್ಣ ಒಣಗುವುದಕ್ಕೆ ಮದ್ದು ಇದೆ. ಅಗಲ ಮುಚ್ಚಳದಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬೇಕಿಂಗ್ ಪೇಪರ್. ಬಣ್ಣ ಅದರ ಮೇಲೇ ಕಲಸಿ. ನಮ್ಮ ದುರ್ಗದ ಗಾಳಿ ಗೊತ್ತಲ್ಲ, ನಾನು ಕಿಟಕಿ ಮುಚ್ಚಿ, ಫ್ಯಾನ್ ಆರಿಸಿಯೇ ಕೂರುವುದು. ಮನೆಯವರು ಬೈಯುತ್ತಾರೆ, ಬೈಯಲಿ.

ಇನ್ನು ತೀರಾ ಸಣ್ಣ 000 ನಂಬರ್ ಬ್ರಷ್ ಸುಮ್ನೆ ದುಡ್ಡು ದಂಡ. ಅದರಲ್ಲಿ ಬಣ್ಣ ನಿಲ್ಲುವುದೇ ಇಲ್ಲ, ಗೆರೆ ಮುಗಿಯುವ ಮೊದಲೇ ತುದಿ ಒಣಗುತ್ತದೆ. ತುದಿ ಚೂಪಾಗಿರುವ 1ನೇ ನಂಬರ್ ತಗೊಳ್ಳಿ.

ಇನ್ನೊಬ್ಬರು, ದಾವಣಗೆರೆ:
ಗೆರೆಗೆ ಬ್ರಷ್ ಯಾಕೆ? ಚಿತ್ರ ಬಿಡಿಸುವ 005 ಪೆನ್ ಸಾಕು, 0.2 ಮಿ.ಮೀ. ಗೆರೆ ಬರುತ್ತದೆ. ಕೈ ನಡುಗುವವರಿಗಂತೂ ಅದೇ ವಾಸಿ.

ವಿದ್ಯಾನಗರ:
ಪೆನ್ ಒಳ್ಳೆಯದೇ. ಆದರೆ ಮೇಲೆ ಬ್ರಷ್‌ನಲ್ಲಿ ವಾರ್ನಿಷ್ ಹಚ್ಚಿದರೆ ಇಂಕ್ ಕದಡುವುದುಂಟು. ಚೆನ್ನಾಗಿ ಒಣಗಲು ಬಿಟ್ಟು, ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಸ್ಪ್ರೇಯನ್ನು ತೆಳುವಾಗಿ ಹೊಡೆಯಿರಿ. ಮೊದಲು ಯಾವುದಾದರೂ ಹಳೇ ಪ್ಲಾಸ್ಟಿಕ್ ತುಂಡಿನ ಮೇಲೆ ನೋಡಿಕೊಳ್ಳಿ.

ಕೇಳಿದವರು:
ಇದೇ ಆಟದ ಯುದ್ಧ ಟ್ಯಾಂಕ್ ಬಾಗಿಲಿಗೂ ಇದೇ ದಾರೀನಾ?

ಚಿತ್ರದುರ್ಗ:
ಅದು ಸಪಾಟು, ಅಲ್ಲಿ ಮಾಸ್ಕಿಂಗ್ ಟೇಪ್ ನಡೆಯುತ್ತದೆ. ಸಣ್ಣ ಪಟ್ಟಿ ಕತ್ತರಿಸಿ, ಅಂಚನ್ನು ಉಗುರಿನಲ್ಲಿ ಒತ್ತಿ. ಕಪ್ಪು ಬಳಿಯುವ ಮೊದಲು ಟೇಪಿನ ಅಂಚಿಗೆ ಅಡಿಯಲ್ಲಿರುವ ಬಿಳಿಯನ್ನೇ ಒಂದು ಸಲ ಸವರಿ. ಸೋರುವುದಿದ್ದರೆ ಬಿಳಿ ಸೋರುತ್ತದೆ, ಕಪ್ಪು ಒಳಗೆ ಹೋಗುವುದಿಲ್ಲ.