ಸಹಾಯ ಬೇಕು: ಕಬಡ್ಡಿ ಅಂಕಣದ ಹೊರಗಿನ ಗಲಾಟೆ ನಿಲ್ಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಗುಬ್ಬಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ತಾಲ್ಲೂಕು ಮಟ್ಟದ ಕ್ರೀಡಾಕೂಟ ಹತ್ತಿರ ಬರುತ್ತಿದೆ. ಅದಕ್ಕೆ ಮೊದಲು ನಿಮ್ಮ ಸಲಹೆ ಬೇಕು.

ಹೋಬಳಿ ಮಟ್ಟದ ಕಬಡ್ಡಿಯಲ್ಲಿ ನಮ್ಮ ಹುಡುಗರು ಒಂದೇ ಪಾಯಿಂಟಿನಿಂದ ಸೋತರು. ಅಂಪೈರ್ ಬೋನಸ್ ಕೊಡಲಿಲ್ಲ ಎಂದು ನಮ್ಮ ಊರಿನವರೇ ಅಂಕಣಕ್ಕೆ ನುಗ್ಗಿ ಬಾಯಿಗೆ ಬಂದಂತೆ ಬೈದರು. ಆ ಅಂಪೈರ್ ಕೂಡ ನನ್ನಂಥ ಮೇಷ್ಟ್ರೇ, ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತಿದ್ದವರು. ದೊಡ್ಡವರನ್ನು ನೋಡಿ ಹುಡುಗರೂ ಎದುರು ತಂಡದವರ ಕೈ ಕುಲುಕದೆ ಹೊರಟುಬಿಟ್ಟರು. ಸೋಲಿಗಿಂತ ಅದೇ ನನಗೆ ಜಾಸ್ತಿ ನೋವಾಯಿತು.

ಮಕ್ಕಳಿಗೆ ಹೇಳಬಹುದು, ಅವರು ಕೇಳುತ್ತಾರೆ. 1980ರ ಬಾಂಬೆ ಟೆಸ್ಟ್‌ನಲ್ಲಿ ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಕ್ಯಾಪ್ಟನ್ ಆಗಿದ್ದರು. ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ವಾಪಸ್ ಕರೆದರು. ಆ ಪಂದ್ಯ ಭಾರತ ಸೋತಿತು, ಆದರೂ ಅವರ ಹೆಸರು ಇವತ್ತಿಗೂ ಗೌರವದಿಂದ ಬರುತ್ತದೆ ಅಲ್ವಾ? ಇದನ್ನು ಹೇಳಿದಾಗ ಹುಡುಗರು ಕಣ್ಣರಳಿಸಿದರು. ಪೋಷಕರಿಗೆ ಹೇಗೆ ಹೇಳುವುದು ಎಂಬುದೇ ಕಷ್ಟ.

ಪಂದ್ಯಕ್ಕೆ ಮೊದಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲ್ವಿಚಾರಣಾ ಸಮಿತಿ) ಜೊತೆ ಪೋಷಕರ ಸಭೆ ಕರೆಯುವ ಯೋಚನೆ ಇದೆ. ನಿಮ್ಮ ಶಾಲೆಯಲ್ಲಿ ಹೀಗೆ ಮಾಡಿದ್ದರೆ ಏನು ಮಾತಾಡಿದಿರಿ, ಯಾವುದು ಫಲ ಕೊಟ್ಟಿತು, ದಯವಿಟ್ಟು ಬರೆಯಿರಿ. ಸುಮ್ನೆ ಭಾಷಣ ಬೇಡ, ಮಾಡಿ ನೋಡಿದ್ದು ಬೇಕು. ತುಮಕೂರು ಕಡೆಯ ಹಳೆಯ ಕಬಡ್ಡಿ, ಖೋ ಖೋ ಆಟಗಾರರು ಯಾರಾದರೂ ಒಂದು ಸಂಜೆ ಬಂದು ಮಾತಾಡುವುದಾದರೆ ಇನ್ನೂ ಒಳ್ಳೆಯದು. ಊಟ, ಬಸ್ ಚಾರ್ಜು ನಾವು ನೋಡಿಕೊಳ್ಳುತ್ತೇವೆ.